ಟಾಂಗಾದಿಂದ ಎಸೆದ ಗಂಟು

ನಮ್ಮ ಊರಿನಲ್ಲಿ ಕೈತಪ್ಪಿದ್ದು ಎಲ್ಲ ಊರುಗಳಲ್ಲಿರುವಂತೆ ತಕ್ಷಣ ಬೀಳುತ್ತದೆ. ಹಾಲಿನ ಗಡಿಗೆ ಜಾರಿದರೆ ಕಾಲ ಬುಡದಲ್ಲೇ ಒಡೆಯುತ್ತದೆ, ಬೈಗುಳವೂ ಆಗಲೇ ಸಿಗುತ್ತದೆ. ಬೇಕೆಂದು ಎಸೆದದ್ದು ಮಾತ್ರ ತನ್ನ ಪುರುಸೊತ್ತಿನಲ್ಲಿ ಬರುತ್ತದೆ. ಮೆಲ್ಲಗೆ ಎಸೆದರೆ ಕೆಲವು ತಿಂಗಳು, ಜೋರಾಗಿ ಎಸೆದರೆ ವರ್ಷಗಟ್ಟಲೆ. ಅಷ್ಟು ದಿನವೂ ಅದು ಎಲ್ಲರ ಕಣ್ಣೆದುರಿಗೇ ಗಾಳಿಯಲ್ಲಿ ನಿಂತಂತೆ ಸಾಗುತ್ತಿರುತ್ತದೆ. ಹಿಡಿದು ಎಳೆದರೆ ಬರುವುದಿಲ್ಲ. ಕುಸ್ತಿ ಗೆದ್ದ ಖುಷಿಯಲ್ಲಿ ಪಟಕಾ ಎಸೆದ ಪೈಲ್ವಾನನೊಬ್ಬ ಆಮೇಲೆ ಬರಿತಲೆಯಲ್ಲಿ ಮನೆಗೆ ಹೋಗಲು ನಾಚಿ, ಅದೇ ಪಟಕಾಕ್ಕೆ ಜೋತುಬಿದ್ದು ಒಂದು ಮಧ್ಯಾಹ್ನವಿಡೀ ತೂಗಾಡಿದ. ಪಟಕಾ ಕೂದಲೆಳೆಯಷ್ಟೂ ಕದಲಲಿಲ್ಲ.

ನಾವು ಇದಕ್ಕೆ ಹೊಂದಿಕೊಂಡು ಬದುಕಿದ್ದೇವೆ. ಮದುವೆಯಲ್ಲಿ ಹಾಕಿದ ಅಕ್ಕಿಕಾಳು ಕೆಳಗೆ ಬರುವ ಹೊತ್ತಿಗೆ ಗಂಡಹೆಂಡಿರ ತೊಡೆಯ ಮೇಲೆ ಕೂಸು ಇರುತ್ತದೆ. ಅವತ್ತು ಅವರು ಅದೇ ಜಾಗದಲ್ಲಿ ಮತ್ತೆ ಚಾಪೆ ಹಾಸಿ ಕೂರುತ್ತಾರೆ, ಬಂದವರಿಗೆ ಚಹಾ ಕೊಡುತ್ತಾರೆ. ಜಗಳದಲ್ಲಿ ಬೀಸಿದ ಕಲ್ಲು ಬಂದು ಮುಟ್ಟುವುದರೊಳಗೆ ಎಸೆದವನೂ ಎಸೆಸಿಕೊಂಡವನೂ ಬೀಗರಾಗಿರುತ್ತಾರೆ. ಆಗ ಇಬ್ಬರೂ ಕೂಡಿಯೇ ನನ್ನ ಹತ್ತಿರ ಗಾದಿ ಕೇಳಿಕೊಂಡು ಬರುತ್ತಾರೆ.

ನಾನು ಗಾದಿ ದಾವಲಸಾಬ. ಅರಳೆ ಹಿಂಜುವುದು, ಗಾದಿ ಹೊಲಿಯುವುದು ನಮ್ಮ ಮನೆತನದ ಕಸುಬು. ಬೇರೆ ಊರಿನಲ್ಲಿ ಗಾದಿ ಮಲಗಲಿಕ್ಕೆ. ನಮ್ಮಲ್ಲಿ ಮೇಲಿನಿಂದ ಬರುವುದನ್ನು ಮೆತ್ತಗೆ ಇಳಿಸಿಕೊಳ್ಳಲಿಕ್ಕೆ. ಹೊಲಿದು ಕೊಟ್ಟರೆ ಮುಗಿಯಲಿಲ್ಲ, ಎಲ್ಲಿ ಹಾಸಬೇಕು ಎಂಬುದನ್ನೂ ನಾನೇ ಹೇಳಬೇಕು. ಉದ್ದನೆಯ ಗಳದ ತುದಿಗೆ ದಾರ, ದಾರದ ಕೊನೆಗೆ ಒಂದು ಕಲ್ಲು. ಗಳವನ್ನು ಎತ್ತಿ ಆ ವಸ್ತುವಿಗೆ ತಾಗಿಸಿ, ಕಲ್ಲು ಎಲ್ಲಿ ತೂಗುತ್ತದೋ ಅಲ್ಲಿ ನೆಲಕ್ಕೆ ಸುಣ್ಣದ ಬೊಟ್ಟು ಇಡುತ್ತೇನೆ. ಪ್ರತಿ ಅಮಾವಾಸ್ಯೆಗೊಂದು ಬೊಟ್ಟು. ಬೊಟ್ಟುಗಳ ನಡುವಿನ ಅಂತರ ಯಾವಾಗಲೂ ಒಂದೇ. ಮೇಲೆ ನೋಡಿದರೆ ವಸ್ತು ಮೊದಲು ದಡದಡ ಏರುತ್ತದೆ, ಬರುಬರುತ್ತ ಸುಸ್ತಾಗುತ್ತದೆ, ತುದಿಯಲ್ಲಿ ಏರುವುದೂ ಇಲ್ಲ ಇಳಿಯುವುದೂ ಇಲ್ಲ. ನೆಲದ ಬೊಟ್ಟುಗಳಿಗೆ ಅದಾವುದರ ಗೊಡವೆಯೂ ಇಲ್ಲ. ಏರಿ ಇಳಿಯುವುದು ಒಂದು ಕೆಲಸ, ದೂರ ಸಾಗುವುದು ಇನ್ನೊಂದು, ಎರಡೂ ಒಂದನ್ನೊಂದು ಕೇಳದೆ ನಡೆಯುತ್ತವೆ. ಏರಲು ಎಷ್ಟು ಬೊಟ್ಟು ಹಿಡಿಯಿತೋ ಇಳಿಯಲೂ ಅಷ್ಟೇ. ಇಷ್ಟು ಗೊತ್ತಿದ್ದರೆ ಗಾದಿ ಹಾಸುವ ಜಾಗವೂ ಅದು ಇಳಿಯುವ ದಿನವೂ ಸಿಕ್ಕಿಬಿಡುತ್ತದೆ. ನಾನು ಹಾಸಿದ ಗಾದಿ ಬಿಟ್ಟು ಪಕ್ಕಕ್ಕೆ ಬಿದ್ದ ವಸ್ತು ಈ ಊರಿನಲ್ಲಿ ಇಲ್ಲ. ಈ ಮಾತನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಜಂಬಕ್ಕೆ ಜಾಗವಿಲ್ಲ.

ಇನ್ನು ಎರಡು ಕಟ್ಟಳೆ ಹೇಳಿಬಿಡುತ್ತೇನೆ. ಗಾಳಿಯಲ್ಲಿ ಇರುವುದು ಎಲ್ಲಿದೆ ಎಂಬುದನ್ನು ಬಿಟ್ಟು ಬೇರೆ ಯಾವುದರ ಬಗ್ಗೆಯೂ ಯಾರೂ ಬಾಯಿ ಬಿಡಬಾರದು. ಅದರಲ್ಲಿ ಏನಿದೆ, ಯಾಕೆ ಎಸೆದರು ಎಂದು ಎಸೆದವರನ್ನು ಕೇಳಬಾರದು, ನೋಡಿದವರು ಹೇಳಬಾರದು. ನೆಲ ಮುಟ್ಟಿದ ಮೇಲೆಯೇ ಮಾತು. ಮತ್ತೆ, ಅದು ಯಾರ ಅಂಗಳದಲ್ಲಿ ಬೀಳುತ್ತದೋ ಅವರೇ ಮೊದಲು ಕೈ ಹಾಕಬೇಕು.

ಮಾಬೂಬಿ ನಮ್ಮ ಊರಿಗೆ ಬಂದದ್ದು ಒಂದು ಚಳಿಗಾಲ, ತಂದೆ ಬುಡ್ಡೇಸಾಬನ ಜೊತೆ. ಅವರದು ಪಾತ್ರೆಗೆ ಕಲಾಯಿ ಹಾಕುವ ಕೆಲಸ. ಊರೂರು ತಿರುಗುವವರು. ನಮ್ಮ ಓಣಿಯ ಬೇವಿನ ಮರದ ಕೆಳಗೆ ಕುಲುಮೆ ಹೂಡಿದರು. ಅಪ್ಪ ಪಾತ್ರೆ ತಿರುಗಿಸುತ್ತಿದ್ದ, ಅವಳು ತಿದಿ ಒತ್ತುತ್ತಿದ್ದಳು. ಅವಳ ಮುಖಕ್ಕೆ ಸದಾ ಮಸಿ. ಮಸಿಯ ನಡುವೆ ನಗು ಬಂದರೆ ಆಗಷ್ಟೇ ಕಲಾಯಿ ಹಾಕಿದ ತಾಟಿನ ಹಾಗೆ ಹೊಳೆಯುತ್ತಿತ್ತು. ನಮ್ಮ ಮನೆಯಲ್ಲಿ ಇದ್ದಬದ್ದ ತಾಮ್ರವನ್ನೆಲ್ಲ ಒಂದೊಂದಾಗಿ ಅಲ್ಲಿಗೆ ಹೊತ್ತು ಒಯ್ದೆ. ಕೊನೆಗೆ ಅಕ್ಕ, ನಮ್ಮ ಖತೀಜಾ ಬೂಬು, ಕೇಳಿಯೇಬಿಟ್ಟಳು, "ಅಲ್ಲೋ, ನಿನ್ನೆ ಕಲಾಯಿ ಹಾಕಿಸಿದ ಚರಿಗಿ ಇವತ್ತ ಮತ್ತ ಯಾಕ ಒಯ್ಯಾಕತ್ತಿ?"

ಮಾಬೂಬಿಗೆ ನಮ್ಮೂರಿನ ರೀತಿ ತಲೆಗೆ ಹತ್ತಿತು, ಕೈಗೆ ಹತ್ತಲಿಲ್ಲ. ಮಾತಾಡುತ್ತ ಮಾತಾಡುತ್ತ ಕೈಯಲ್ಲಿದ್ದ ಪೇರಲ ಹಣ್ಣನ್ನು ಮೇಲೆ ಹಾರಿಸಿ, ಹಿಡಿಯಲು ಅಂಗೈ ಚಾಚಿ ನಿಂತುಬಿಡುತ್ತಿದ್ದಳು. ಹಣ್ಣು ಅವಳ ಮೂಗಿನ ಮುಂದೆ ತಣ್ಣಗೆ ಏರುತ್ತಿತ್ತು. "ಅಯ್ಯ, ಮರತೇ ಬಿಟ್ಟೆ ನೋಡ್ರಿ. ಎಂಥಾ ಊರದು ನಿಮ್ದು, ಹಸಿವಿಗೆ ಹಣ್ಣ ಸೈತ ಬರಂಗಿಲ್ಲ," ಎಂದು ನಗುತ್ತಿದ್ದಳು. ಹಾಗೆ ಹಾರಿಸಿದ ಕೊನೆಯ ಹಣ್ಣು ಅವಳು ಹೋದ ಮೇಲೆ, ಬೇಸಿಗೆಯಲ್ಲಿ ಇಳಿಯಿತು. ಒಣಗಿ ಕಲ್ಲಾಗಿತ್ತು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ನಮ್ಮ ಕಸುಬಿನವರಲ್ಲಿ ಹೆಣ್ಣು ಕೇಳುವುದಕ್ಕೆ ಒಂದು ಪದ್ಧತಿ ಇದೆ. ಗಾದಿ ಹೊಲಿಯುವ ದಬ್ಬಣವನ್ನು ಹುಡುಗಿಯ ಕೈಗೆ ಕೊಡುತ್ತೇವೆ. ಅವಳು ಅದಕ್ಕೆ ದಾರ ಪೋಣಿಸಿ ಹಿಂದಿರುಗಿಸಿದರೆ ಒಪ್ಪಿಗೆ. ಬರಿ ದಬ್ಬಣ ಬಂದರೆ ಇಲ್ಲ. ಒಂದು ಸಂಜೆ ಕುಲುಮೆಯ ಹತ್ತಿರ ನಿಂತು ಇಷ್ಟನ್ನು ಅವಳಿಗೆ ಹೇಳಿ, ದಬ್ಬಣ ಕೊಟ್ಟೆ. ಕೊಡುವ ಅವಸರದಲ್ಲಿ ಅವಳ ಬೆರಳಿಗೆ ಚುಚ್ಚಿಯೂಬಿಟ್ಟೆ.

"ರಾತ್ರಿ ವಿಚಾರ ಮಾಡ್ತೇನಿ," ಎಂದಳು ಬೆರಳು ಚೀಪುತ್ತ. "ಮುಂಜಾನೆ ಹೇಳ್ತೇನಿ. ಲಗೂನ ಹೇಳ್ತೇನಿ ಬಿಡ್ರಿ, ನಿಮ್ಮ ಊರಿನಂಗ ತಡಾ ಮಾಡಂಗಿಲ್ಲ."

ಬೆಳಗಾಗುವಷ್ಟರಲ್ಲಿ ಬುಡ್ಡೇಸಾಬನಿಗೆ ಬೇರೆ ಊರಿನಿಂದ ಕರೆ ಬಂದಿತ್ತು. ಯಾವುದೋ ದೊಡ್ಡ ಮನೆಯ ಮದುವೆಯ ಪಾತ್ರೆಗಳಂತೆ. ತಿದಿ, ಇಕ್ಕಳ, ಗಂಟುಮೂಟೆ ಎಲ್ಲ ಟಾಂಗಾಕ್ಕೆ ಹೇರಿ ಹೊರಟೇಬಿಟ್ಟರು. ಟಾಂಗಾ ನಮ್ಮ ಮನೆಯ ಮುಂದೆ ಬಂದಾಗ ನಾನು ಬಾಗಿಲಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಅವಳು, ಓಡುವ ಟಾಂಗಾದಿಂದಲೇ, ನನ್ನ ಕಣ್ಣನ್ನೇ ನೋಡುತ್ತ, ಒಂದು ಕರವಸ್ತ್ರದ ಗಂಟನ್ನು ನನ್ನ ಕಡೆಗೆ ಎಸೆದಳು.

ನಮ್ಮಲ್ಲಿ ಯಾರಾದರೂ ನಿಮಗೆ ಏನನ್ನಾದರೂ ಎಸೆದರೆ, ನಿಂತಲ್ಲೇ ನಿಂತು, ಕೈಕಟ್ಟಿ, ಅದನ್ನೇ ನೋಡಬೇಕು. ಅದು ಮರ್ಯಾದೆ. ಎಸೆದವರ ಹಿಂದೆ ಓಡುವುದು ಅವಮಾನ. ನಾನು ಮರ್ಯಾದಸ್ಥ. ಕೈಕಟ್ಟಿ ನಿಂತು ಗಂಟನ್ನೇ ನೋಡಿದೆ. ಟಾಂಗಾದ ಗೆಜ್ಜೆಸದ್ದು ಮುಂದೆ ಹೋಯಿತು, ನಡುವೆ ಒಮ್ಮೆ ನಿಂತಂತಾಗಿ ಮತ್ತೆ ಶುರುವಾಯಿತು. ಕುದುರೆ ಎಡವಿರಬೇಕು ಅಂದುಕೊಂಡೆ. ತಲೆ ಇಳಿಸಿ ನೋಡುವ ಹೊತ್ತಿಗೆ ಓಣಿಯಲ್ಲಿ ಧೂಳು ಮಾತ್ರ ಇತ್ತು.

ಮೊದಲ ದಿನ ಗಂಟು ಕೈಗೆಟಕುವ ಎತ್ತರದಲ್ಲೇ ಇತ್ತು. ಸ್ಟೂಲು ಹಾಕಿಕೊಂಡು ಹತ್ತಿ ನೋಡಿದೆ. ದಬ್ಬಣದ ಮೊನೆ ಬಟ್ಟೆಯನ್ನು ತೂರಿ ಹೊರಗೆ ಬಂದಿತ್ತು. ದಾರ ಪೋಣಿಸುವ ಕಣ್ಣು ಗಂಟಿನ ಒಳಗಿತ್ತು. ಬಟ್ಟೆಗೆ ಮೂಗು ತಾಗಿಸಿ ಮೂಸಿದೆ, ಬೆರಳಿನಿಂದ ಒತ್ತಿದೆ. ಕಲ್ಲಿನಷ್ಟು ಗಟ್ಟಿ. ಹೂಂ ಎಂದಳೋ ಉಹೂಂ ಎಂದಳೋ, ಉತ್ತರ ನನ್ನ ಮೂಗಿನ ತುದಿಯಲ್ಲೇ ಇತ್ತು, ನನಗೆ ಸಿಗಲಿಲ್ಲ. ಆಮೇಲೆ ಅದು ಏರಿ ಏರಿ ಮಾಳಿಗೆ ದಾಟಿತು, ಬೇವಿನ ಮರದ ತುದಿಗೆ ಸಮನಾಯಿತು.

ನಾನು ಅವಳನ್ನು ಹುಡುಕಿಕೊಂಡು ಹೋಗಲಿಲ್ಲ. ಗಾಳಿಯಲ್ಲಿರುವ ಮಾತನ್ನು ಬಾಯಲ್ಲಿ ಕೇಳುವಂತಿಲ್ಲ. ನಿಜ ಹೇಳಬೇಕೆಂದರೆ ಕಾಯುವುದೇ ಒಂದು ಸುಖವಾಗಿತ್ತು. ಬಿಲ್ಲಿನಿಂದ ಅರಳೆ ಹಿಂಜುತ್ತ ಹಿಂಜುತ್ತ ಮೇಲೆ ನೋಡುವೆ. ಮಳೆಗಾಲದಲ್ಲಿ ಗಂಟು ನೆನೆದು ಕಪ್ಪಾಗುತ್ತಿತ್ತು, ನನಗೆ ಚಳಿ ಆಗುತ್ತಿತ್ತು. ಬೇಸಿಗೆಯಲ್ಲಿ ಅದರ ಮೇಲೆ ಗುಬ್ಬಿ ಕೂತರೆ ಹೊಟ್ಟೆಕಿಚ್ಚು ಬರುತ್ತಿತ್ತು. ಬೂಬು ಎರಡು ಕಡೆ ಹೆಣ್ಣು ನೋಡಿ ಬಂದಳು. ನಾನು ಬಾಗಿಲಿಗೆ ಬಂದು ಮೇಲೆ ನೋಡಿದೆ, ಅವಳೂ ನೋಡಿದಳು. "ಬೀಳಲಿ ಬಿಡು," ಎಂದು ಹೆಣ್ಣು ನೋಡುವುದನ್ನು ನಿಲ್ಲಿಸಿದಳು.

ಊರಿನವರ ವಸ್ತುಗಳಿಗೆಲ್ಲ ದಾರ ಇಳಿಬಿಟ್ಟ ನಾನು ನನ್ನ ಗಂಟಿಗೆ ಒಮ್ಮೆಯೂ ಇಳಿಬಿಡಲಿಲ್ಲ. ಅವಳು ನನ್ನ ಕಣ್ಣು ನೋಡಿ ಎಸೆದದ್ದು, ನನ್ನ ಬಾಗಿಲಿಗಲ್ಲದೆ ಬೇರೆ ಎಲ್ಲಿಗೆ ಹೋದೀತು? ತಲೆ ಎತ್ತಿ ನೋಡಿದವನಿಗೆ ಎತ್ತರದಲ್ಲಿರುವುದೆಲ್ಲ ತನ್ನ ತಲೆಯ ಮೇಲೇ ಇದೆ ಅನ್ನಿಸುತ್ತದೆ. ಬಾಗಿಲ ಮುಂದೆ ಒಂದು ಗಾದಿಯನ್ನು ಹಾಸಿಯೇ ಇಟ್ಟಿದ್ದೆ. ಬಿಸಿಲಿಗೆ ಬಟ್ಟೆ ಹರಿದಾಗಲೆಲ್ಲ ಹೊಸದು ಹೊಲಿಯುತ್ತಿದ್ದೆ.

ಪಕ್ಕದ ಮನೆ ಶಿವಗಂಗವ್ವನದು. ಅವಳು ನನಗೆ ಚಿಗವ್ವನಿದ್ದಂತೆ, ಆದರೆ ಜಗಳಕ್ಕೆ ಸವತಿಯಿದ್ದಂತೆ. ಅವಳ ಅಂಗಳದಲ್ಲಿ ಕಡಲೆ ಹುರಿದು ಪುಟಾಣಿ ಮಾಡುವ ಭಟ್ಟಿ, ಅತ್ತೆಯ ಕಾಲದ್ದು. ನನ್ನ ಅರಳೆ ಹಾರಿ ಅವಳ ಪುಟಾಣಿಗೆ ಬೀಳುತ್ತಿತ್ತು. ಅವಳ ಭಟ್ಟಿಯ ಹೊಗೆ ನನ್ನ ಗಾದಿಗೆ ಹತ್ತುತ್ತಿತ್ತು.

"ಏ ದಾವಲಾ, ನಿನ್ನ ಅರಳಿ ನನ್ನ ಪುಟಾಣಿಗೆಲ್ಲ ದಾಡಿ ಬೆಳಸೈತಿ ನೋಡು. ತಿಂದ ಮಂದಿ ಕೆಮ್ಮಾಕತ್ತಾರ."

"ನಿನ್ನ ಹೊಗಿಯಿಂದ ನನ್ನ ಗಾದಿ ಮ್ಯಾಲ ಮಲಗಿದವ್ರಿಗೆ ಕನಸಿನ್ಯಾಗೂ ಕಡ್ಲಿ ವಾಸನಿ, ಚಿಗವ್ವ."

ಹೀಗೆ ನಡೆಯುತ್ತಿತ್ತು. ಗಂಟು ತುದಿ ಮುಟ್ಟಿ, ನಿಂತಂತೆ ನಿಂತು, ಇಳಿಯಲು ಶುರುಮಾಡಿದ ಮೇಲೆ ಒಂದು ದಿನ ಅವಳು ಗೋಡೆಯ ಆ ಕಡೆಯಿಂದ ಕೂಗಿದಳು, "ದಾವಲಾ, ನಿನ್ನ ಗಂಟು ಗ್ವಾಡಿ ದಾಟೈತಿ."

ನಾನು ನಕ್ಕೆ. ಆಮೇಲೆ ನಗು ನಿಂತಿತು. ಗಳ ತಂದು ಮೊದಲ ಸಲ ನನ್ನ ಗಂಟಿಗೆ ದಾರ ತಾಗಿಸಿದೆ. ಕಲ್ಲು ಶಿವಗಂಗವ್ವನ ಅಂಗಳದಲ್ಲಿ ತೂಗಿತು.

ನಮ್ಮ ಊರಿನ ಮಕ್ಕಳಿಗೆ ಮೊದಲು ಕಲಿಸುವುದೇ ಇದು: ನಡೆಯುತ್ತ ಎಸೆಯಬೇಡ, ನಿಂತು ಎಸೆ. ಯಾಕೆ ಎಂದು ನಾವು ಯಾರೂ ಕೇಳಿರಲಿಲ್ಲ, ಹಾಗೆ ಎಸೆದದ್ದನ್ನು ನಾನು ನೋಡಿಯೂ ಇರಲಿಲ್ಲ. ಮಾಬೂಬಿ ಓಡುವ ಟಾಂಗಾದಲ್ಲಿ ಕೂತು ಎಸೆದಿದ್ದಳು. ಕೈ ನನ್ನ ಕಡೆಗೆ ಬೀಸಿತ್ತು ನಿಜ, ಆದರೆ ಕೈಯೂ ಗಂಟೂ ಅವಳೂ ಟಾಂಗಾದ ಜೊತೆ ಮುಂದಕ್ಕೆ ಓಡುತ್ತಿದ್ದರು. ಟಾಂಗಾ ಹೋಯಿತು, ಅದರ ಓಟ ಗಂಟಿನೊಳಗೆ ಉಳಿಯಿತು. ಅಷ್ಟು ವರ್ಷವೂ ಅದು ನನ್ನ ಕಡೆಗೆ ಬರುತ್ತಿತ್ತು, ಅಷ್ಟು ವರ್ಷವೂ ನನ್ನನ್ನು ದಾಟಿ ಹೋಗುತ್ತಿತ್ತು. ಬಾಗಿಲ ಮುಂದಿನ ಗಾದಿಯನ್ನು ನೋಡಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಅದನ್ನು ಒದ್ದೆ. ಗಾದಿ ಒದ್ದರೆ ಕಾಲೂ ನೋಯುವುದಿಲ್ಲ, ಸಮಾಧಾನವೂ ಆಗುವುದಿಲ್ಲ.

ಅಮಾವಾಸ್ಯೆಗೊಂದು ಬೊಟ್ಟು ಇಡುತ್ತ ಹೋದೆ. ಬೊಟ್ಟುಗಳ ಸಾಲು ನೆಟ್ಟಗೆ ಭಟ್ಟಿಯ ಬಾಯಿಗೆ ಹೋಗುತ್ತಿತ್ತು. ಬೆಂಕಿಗೆ ಬಿದ್ದರೆ ಕರವಸ್ತ್ರ ಸುಡುತ್ತದೆ. ದಾರ ಇದ್ದರೆ ದಾರವೂ ಸುಡುತ್ತದೆ. ಉಳಿಯುವುದು ಬರಿ ದಬ್ಬಣ. ಅವಳು ಹೂಂ ಎಂದಿದ್ದರೂ ನನ್ನ ಕೈಗೆ ಬರುವುದು ಇಲ್ಲ ಎಂಬ ಮಾತೇ.

ಗಂಟು ಮಾಳಿಗೆಯ ಮಟ್ಟಕ್ಕೆ ಇಳಿದಾಗ ಶಿವಗಂಗವ್ವನ ಬಾಗಿಲಿಗೆ ಹೋದೆ.

"ಚಿಗವ್ವ, ಭಟ್ಟಿ ಸ್ವಲ್ಪ ದಿನ ಆರಸ್ತೀ?"

"ಯಾಕ?"

ಯಾಕೆ ಎಂದು ಹೇಳಿದರೆ ಒಳಗಿನ ದಾರದ ಮಾತು ಬರುತ್ತಿತ್ತು, ಗಂಟು ಇನ್ನೂ ಗಾಳಿಯಲ್ಲಿತ್ತು. "ಹಂಗ ಸುಮ್ನ," ಎಂದೆ.

"ಸುಮ್ನ ಆರಸಾಕ ಅದೇನ ದೀಪ ಏನೋ? ನಮ್ಮ ಅತ್ತಿ ಹಚ್ಚಿದ ಬೆಂಕಿ ಅದು. ದಸರಿ ಹತ್ರ ಬಂತು, ಊರ ಮಂದಿಗೆಲ್ಲ ಪುಟಾಣಿ ಬೇಕು. ಮೊದಲ ನಿನ್ನ ಅರಳಿ ಆ ಕಡೆ ಒಯ್ದು ಹಿಂಜು, ಆಮ್ಯಾಲ ನನ್ನ ಭಟ್ಟಿ ಮಾತಾಡು." ಬಾಗಿಲು ಹಾಕಿಕೊಂಡಳು.

ಮರುದಿನವೇ ಬಿಲ್ಲು ಹೊತ್ತು ಹಿತ್ತಲಿಗೆ ಹೋದೆ. ಗಾಳಿಯಿಲ್ಲದ ಹಿತ್ತಲು, ಅರಳೆ ನನ್ನ ಮೂಗು ಬಾಯಿಗೇ ತುಂಬುತ್ತಿತ್ತು. ಅವಳು ಗೋಡೆಯ ಮೇಲಿಂದ ಇಣುಕಿ ನೋಡಿ ಹೋದಳು. ಭಟ್ಟಿಯ ಹೊಗೆ ಎಂದಿನಂತೆ ಏಳುತ್ತಿತ್ತು. ಗಂಟು ದಿನದಿನಕ್ಕೆ ಜೋರಾಗಿ ಇಳಿಯುತ್ತಿತ್ತು. ನೆಲ ಹತ್ತಿರವಾದಂತೆ ಹೀಗೆಯೇ, ಕೊನೆಯ ಆಳೆತ್ತರವನ್ನು ನೋಡನೋಡುತ್ತ ಇಳಿದುಬಿಡುತ್ತದೆ. ಬೆಂಕಿಯ ಮೇಲೆ ನೀರು ಸುರಿಯಲೇ ಎಂದುಕೊಂಡು ಕೊಡ ತುಂಬಿ ಗೋಡೆಯ ತನಕ ಹೋಗಿ ವಾಪಸು ಬಂದದ್ದೂ ಉಂಟು. ಒಬ್ಬಳ ಅನ್ನದ ಬೆಂಕಿ ಅದು. ನನ್ನ ಕೈ ಬರಲಿಲ್ಲ.

ಕೊನೆಗೆ ಇಳಿಯುವ ದಿನ ಬಂತು. ಇದ್ದುದರಲ್ಲೇ ಮೆತ್ತನೆಯ ಗಾದಿ ಹೊತ್ತುಕೊಂಡು, ಕಾಲು ಹಿಡಿದಾದರೂ ಸರಿ ಎಂದು ಅವಳ ಅಂಗಳಕ್ಕೆ ನುಗ್ಗಿದೆ. ಭಟ್ಟಿ ಇರಲಿಲ್ಲ. ಅದಿದ್ದ ಜಾಗ ಸಪಾಟಾಗಿತ್ತು, ಸೆಗಣಿಯಿಂದ ಸಾರಿಸಿತ್ತು. ಒಡೆದ ಇಟ್ಟಿಗೆಗಳು ಮೂಲೆಯಲ್ಲಿ ಪೇರಿಸಿದ್ದವು. ಶಿವಗಂಗವ್ವ ಮಸಿಯಾದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು.

"ಏನ ನೋಡ್ತೀ, ಹಾಸು," ಎಂದಳು. "ಭಟ್ಟಿ ಹಿತ್ತಲದಾಗ ಹಾಕ್ಕೋತೇನಿ. ನೀ ಹಿತ್ತಲಕ್ಕ ಹೋದಿ, ನಾನೂ ಹಿತ್ತಲಕ್ಕ ಬರ್ತೇನಿ. ಅಲ್ಲೇ ಜಗಳ ಆಡೂಣು."

ಗಾದಿ ಹಾಸಿದೆ. ಬೂಬು ಬಂದು ಗೋಡೆಯ ಹತ್ತಿರ ನಿಂತಳು. ಗಂಟು ನಮ್ಮ ಎದೆಯ ಮಟ್ಟಕ್ಕೆ ಬಂತು, ಮಂಡಿಯ ಮಟ್ಟಕ್ಕೆ ಬಂತು. ಬಣ್ಣವೆಲ್ಲ ಹೋಗಿ ಬೂದುಬಣ್ಣಕ್ಕೆ ತಿರುಗಿತ್ತು. ಗಾದಿಯ ಮೇಲೆ ಇಳಿದಾಗ ಸದ್ದೇ ಆಗಲಿಲ್ಲ. ಅವಳ ಅಂಗಳ, ಅವಳೇ ಮೊದಲು ಕೈ ಹಾಕಬೇಕು. ಶಿವಗಂಗವ್ವ ಕುಕ್ಕರುಗಾಲಲ್ಲಿ ಕೂತು, ಗಂಟು ಬಿಚ್ಚಲು ಉಗುರಿನಿಂದ ಕೆದರಿದಳು. ಹಲ್ಲಿನಿಂದ ಕಚ್ಚಿದಳು. ನನಗೆ ನೋಡಲಾಗದೆ ಕಣ್ಣು ಮುಚ್ಚಿದೆ.

"ಕಣ್ಣ ತಗಿ," ಎಂದಳು. ಅವಳ ದನಿ ಬೇರೆಯಾಗಿತ್ತು.

ದಬ್ಬಣದ ಕಣ್ಣಿನಲ್ಲಿ ಕೆಂಪು ದಾರವಿತ್ತು. ಜಾರಬಾರದೆಂದು ಎರಡು ಸುತ್ತು ಸುತ್ತಿ, ಗಂಟು ಹಾಕಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ್ದಳು. ಅಂಗಳದ ನಡುವೆ ನಾನು ಜೋರಾಗಿ ಅತ್ತುಬಿಟ್ಟೆ. ತಲೆ ನರೆತ ಗಂಡಸು, ಆದರೂ ಅತ್ತೆ. ಬೂಬುವೂ ಅತ್ತಳು. ಶಿವಗಂಗವ್ವ ಮಾತ್ರ ಅಳಲಿಲ್ಲ. ಬೀದಿಯ ಕಡೆ ಕೈ ತೋರಿಸಿದಳು.

"ಈಗ ಹೇಳಬಹುದು, ಈಗ ನೆಲಾ ಮುಟ್ಟೇತಿ. ಅವತ್ತ ಟಾಂಗಾ ಅಲ್ಲೇ ನಿಂತಿತ್ತೋ ದಾವಲಾ, ನನ್ನ ಬಾಗಲ ಮುಂದ. ಆ ಹುಡುಗಿನೇ ನಿಂದರಿಸಿದ್ಲು. ತಲಿ ಹೊರಗ ಹಾಕಿ ಇದ ಜಾಗಾ ನೋಡಿದ್ಲು, ಬಿದ್ದದ್ದನ್ನ ಹುಡಿಕಿದಂಗ. ಆಮ್ಯಾಲ ನಿನ್ನ ನೋಡಿದ್ಲು. ನೀ ಬಂದು ಎತ್ಕೋತಿ, ಟಾಂಗಾಕ್ಕ ಬರ್ತಿ ಅಂತ ತಿಳಿದಿದ್ಲು ಕಾಣಸ್ತೈತಿ. ಆಕಿ ಊರಾಗ ಹಂಗ ಅಲ್ಲೇನು, ಒಗದಕೂಡ್ಲೆ ಬೀಳ್ತೈತಿ. ಕೈಗೆ ಅದ ರೂಢಿ."

"ನಾನು?" ಎಂದೆ.

"ನೀ ಕೈ ಕಟಗೊಂಡು ಮ್ಯಾಲ ನೋಡಾಕತ್ತಿದ್ದಿ. ಇದ್ದಷ್ಟು ಹೊತ್ತ ನಿನ್ನ ನೋಡಿದ್ಲಪಾ ಪಾಪ. ಅವರಪ್ಪ ಬೈದ. ಆಮ್ಯಾಲ ಟಾಂಗಾ ಹೋತು." ಅವಳು ಮೂಲೆಯ ಇಟ್ಟಿಗೆಗಳನ್ನು ನೋಡಿದಳು. "ದಿನಾ ಹೇಳಬೇಕಂತ ಬಾಯಿಗೆ ಬರ್ತಿತ್ತು. ಊರ ಕಟ್ಟಳಿ. ಅದಕ್ಕ ಹೇಳೂ ಬದ್ಲಿ ಬೈತಿದ್ದೆ."

ಅಂಗಳದ ಕಟ್ಟೆ ದಾಟಿ ಬೀದಿಗೆ ಬಂದು ಆ ಜಾಗದಲ್ಲಿ ನಿಂತೆ. ಅಲ್ಲಿಂದ ನನ್ನ ಬಾಗಿಲು ಎಷ್ಟು ಹತ್ತಿರ ಕಾಣುತ್ತಿತ್ತೆಂದರೆ, ಅಲ್ಲಿ ನಿಂತವನ ಮುಖದ ಭಾವವೂ ತಿಳಿಯುವಷ್ಟು. ನಾನು ಬರಲಿಲ್ಲ ಎಂದುಕೊಂಡು ಹೋಗಿದ್ದಾಳೆ. ಹೂಂ ಎಂದವಳು ಅವಳು, ಒಲ್ಲೆ ಎಂದವನು ನಾನು, ಅವಳ ಲೆಕ್ಕದಲ್ಲಿ. ಇಷ್ಟು ವರ್ಷ ಅವಳಿಗಾಗಿ ಕಾದೆನೆಂದು ನಾನು ಕೊರಗಿದ್ದೆ. ಅವಳು ಆ ಒಂದು ಗಳಿಗೆ ಇಲ್ಲಿ ಕಾದದ್ದರ ಮುಂದೆ ಅದು ಏನೂ ಅಲ್ಲ.

ಮೊದಲು ಮನಸ್ಸಿಗೆ ಬಂದದ್ದು ನಮ್ಮೂರಿನ ಬುದ್ಧಿಯೇ. ಟಾಂಗಾ ಹೋದ ದಾರಿಯ ಕಡೆಗೆ ಉತ್ತರವಾಗಿ ದಬ್ಬಣವನ್ನೇ ಎಸೆಯಲು ಕೈ ಎತ್ತಿದೆ. ಕೆಂಪು ದಾರ ಗಾಳಿಗೆ ಅಲ್ಲಾಡಿತು. ಕೈ ಇಳಿಸಿ, ದಬ್ಬಣವನ್ನು ಅಂಗಿಯ ಒಳಕಿಸೆಗೆ ಚುಚ್ಚಿಕೊಂಡೆ.

"ಹೊರಟೆ ಚಿಗವ್ವ," ಎಂದೆ.

"ಆಕಿಗೆ ಲಗ್ನ ಆಗಿದ್ರ?"

"ಆಗಿದ್ರ ಆಗಿರಲಿ. ನಾ ಒಲ್ಲೆ ಅಂದಿರಲಿಲ್ಲ ಅಂತ ಹೇಳಿ ಬರ್ತೇನಿ. ಅಷ್ಟಾದ್ರೂ ಗೊತ್ತಾಗಲಿ ಆಕಿಗೆ."

ಶಿವಗಂಗವ್ವ ಒಳಗೆ ಹೋಗಿ ಅರಿಷಿಣ ಹಚ್ಚಿದ ಅಕ್ಕಿಕಾಳು ಒಂದು ಮುಷ್ಟಿ ಹಿಡಿದು ಬಂದಳು. ಗಾದಿಯ ಹತ್ತಿರ ನಿಂತು ಕೇಳಿದಳು, "ಎಷ್ಟ ಜೋರಲೆ ಒಗೀಲಿ? ಯಾವಾಗ ಬರ್ತೀರಿ ಇಬ್ರೂ?"

ಬುಡ್ಡೇಸಾಬ ಹೋದ ಊರೇ ನನಗೆ ಗೊತ್ತಿಲ್ಲ ಎಂದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಕಾಲು ಊರಿ ನಿಂತು, ಹರೆಯದವಳಂತೆ ತೋಳು ಬೀಸಿ ನೆಟ್ಟಗೆ ಮೇಲಕ್ಕೆ ಎಸೆದಳು. ನಾನು ಓಣಿ ದಾಟುವಾಗ ತಿರುಗಿ ನೋಡಿದರೆ ಹಳದಿ ಕಾಳುಗಳು ಅವಳ ತಲೆಯ ಮೇಲೆ ಏರುತ್ತಿದ್ದವು.

ಈಗ ನಾನು ಬೇರೆ ಬೇರೆ ಊರುಗಳಲ್ಲಿ ಹಳೆಯ ಗಾದಿಗಳನ್ನು ಹೊಲಿದುಕೊಡುತ್ತ ತಿರುಗುತ್ತಿದ್ದೇನೆ. ಇಲ್ಲಿ ಗಾದಿಯನ್ನು ಮಲಗಲಿಕ್ಕೆ ಬಳಸುತ್ತಾರೆ. ಇಲ್ಲಿ ಎಸೆದದ್ದು ತಕ್ಷಣ ಬೀಳುತ್ತದೆ. ಮಕ್ಕಳು ಚೆಂಡು ಎಸೆದು ಕೂಡಲೇ ಹಿಡಿಯುವುದನ್ನು ಮೊದಲ ಸಲ ನೋಡಿದಾಗ ದಾರಿಯಲ್ಲೇ ಕೂತುಬಿಟ್ಟೆ. ಇಷ್ಟು ಬೇಗ, ಇಷ್ಟು ಸಲೀಸಾಗಿ ಸಿಗುವುದನ್ನು ಅವಳು ಅವತ್ತು ನನಗೆ ಕೊಟ್ಟಿದ್ದಳು. ಹೋದ ಕಡೆಯಲ್ಲೆಲ್ಲ ಪಾತ್ರೆ ಅಂಗಡಿಯವರನ್ನು ಕೇಳುತ್ತೇನೆ. ನಿನ್ನೆ ಒಬ್ಬ ಹೇಳಿದ, ಮುಂದಿನ ಊರಿನ ಕೆರೆಯ ಹತ್ತಿರ ಒಬ್ಬ ಹೆಣ್ಣುಮಗಳು ತಾನೇ ತಿದಿ ಒತ್ತಿ ತಾನೇ ಕಲಾಯಿ ಹಾಕುತ್ತಾಳಂತೆ. ಹೆಸರು ಅವನಿಗೆ ಗೊತ್ತಿಲ್ಲ. ಅವಳೋ, ಬೇರೆ ಯಾರೋ.

ಶಿವಗಂಗವ್ವನ ತೋಳಿನ ಕಸುವು ನಾನು ಕಣ್ಣಾರೆ ಕಂಡದ್ದು. ನನ್ನ ಲೆಕ್ಕ ತಪ್ಪದಿದ್ದರೆ ಆ ಅಕ್ಕಿಕಾಳು ಈ ವಾರ ತುದಿ ಮುಟ್ಟಿ, ಅವಳ ಅಂಗಳದ ಮೇಲೆ ನಿಂತಂತೆ ನಿಂತಿದೆ. ಇನ್ನು ಅದಕ್ಕೆ ಇಳಿಯುವುದೊಂದೇ ಕೆಲಸ. ಕಿಸೆಯೊಳಗೆ ಕೈ ಹಾಕಿ ದಾರ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಚಪ್ಪಲಿ ಮೆಟ್ಟಿ, ಕೆರೆಯ ದಾರಿ ಹಿಡಿದಿದ್ದೇನೆ.